ಜೈಲಮ್ಮನ ರಜೆ

ಅಕ್ಕನ ಮಗಳ ಮದುವೆಗೆಂದು ಪರದೇಶಕ್ಕೆ ಬಂದಿಳಿದವಳು ಮೊದಲ ದಿನವೇ ಅಡುಗೆಮನೆಯ ಚಾಕುಗಳನ್ನೆಲ್ಲ ಎತ್ತಿ ಮೇಲಿನ ಕಪಾಟಿನಲ್ಲಿಟ್ಟು ಚಿಲಕ ಹಾಕಿದಳು. ಈರುಳ್ಳಿ ಹೆಚ್ಚಲು ಬಂದ ಅಕ್ಕ ಹುಡುಕಿ ಹುಡುಕಿ ಸುಸ್ತಾದಳು.

“ಇದು ಮನೆ ಕಣೇ, ನಿನ್ನ ಬ್ಯಾರಕ್ ಅಲ್ಲ. ರಜೆ ಮೇಲೆ ಬಂದಿದೀಯ, ಸ್ವಲ್ಪ ಕೈಕಾಲು ಚಾಚಿ ಕೂತ್ಕೋ.”

ಅವಳು ಹೆಂಗಸರ ಜೈಲಿನಲ್ಲಿ ಹೆಡ್ ವಾರ್ಡರ್. ಹಿಂದಿನ ವರ್ಷದ ಗಲಾಟೆಯಲ್ಲಿ ಕೈದಿಗಳು ಅವಳನ್ನು ಬಚ್ಚಲಿಗೆ ಎಳೆದೊಯ್ದು, ಕಬ್ಬಿಣದ ಬಕೆಟ್ಟಿನಿಂದ ಪಕ್ಕೆಲುಬು ಮುರಿಯುವಂತೆ ಬಡಿದಿದ್ದರು. ಜೊತೆಗಿದ್ದವಳಿಗೆ ಒಂದು ಕಣ್ಣೇ ಹೋಯಿತು. ಪಕ್ಕೆಲುಬು ಕೂಡಿಕೊಂಡವು, ನಿಜ. ಆದರೆ ಬಾಗಿಲಿಗೆ ಬೆನ್ನು ಕೊಟ್ಟು ಕೂರುವುದು ಅಂದಿನಿಂದ ಅವಳ ಕೈಲಾಗಲಿಲ್ಲ. ನಿದ್ದೆಯೆಂದರೆ ಕೋಳಿನಿದ್ದೆ.

ಮನೆಯಲ್ಲಿ ಭಾವನ ತಮ್ಮನೂ ಅವನ ಹೆಂಡತಿಯೂ ಮದುವೆಯ ಕೆಲಸಕ್ಕೆಂದು ಮುಂಚೆಯೇ ಬಂದು ಮಹಡಿಯ ಕೋಣೆಯಲ್ಲಿ ಬೀಡುಬಿಟ್ಟಿದ್ದರು. ಅದೇ ದೇಶದ ಇನ್ನೊಂದು ಊರಿನಲ್ಲಿ ಅವನದು ಕಾರು ಗ್ಯಾರೇಜು, ಗುದ್ದಿ ತಗ್ಗಾದ ಬಾಗಿಲುಗಳನ್ನು ಬಡಿದು ನೇರ ಮಾಡುವ ಕೆಲಸ. ಒಳ್ಳೇ ಮಾತುಗಾರ. ಅವನಿದ್ದಲ್ಲಿ ನಗು. ಅವಳಿಗೆ ಜೈಲಮ್ಮ ಎಂದು ಹೆಸರಿಟ್ಟವನೂ ಅವನೇ. “ಜೈಲಮ್ಮ, ಆರಾಮಾಗಿರಿ. ಇಲ್ಲಿಂದ ಯಾರೂ ಗೋಡೆ ಹಾರಿ ಓಡಿಹೋಗಲ್ಲ.” ಅವನ ಹೆಂಡತಿ ಹೊಲಿಗೆಯವಳು. ಸೆಖೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಮದುಮಗಳ ಬಟ್ಟೆಗೆ ಬಗ್ಗಿಸಿದ ತಲೆ ಎತ್ತದೆ ಜರಿ ಹಚ್ಚುತ್ತ ಕೂತಿರುತ್ತಿದ್ದಳು.

ಒಂದು ಬೆಳಿಗ್ಗೆ ಜೈಲಮ್ಮ ಊಟದ ಮೇಜಿನ ಬಳಿ ನಿಂತು ಒಗೆದ ಬಟ್ಟೆ ಮಡಚುತ್ತಿದ್ದಳು. ಹಿಂದಿನಿಂದ ಎರಡು ಅಂಗೈಗಳು ಅವಳ ಕಣ್ಣು ಮುಚ್ಚಿದವು. ಮೊಣಕೈ ತಾನಾಗಿ ಹಿಂದಕ್ಕೆ ಹೋಯಿತು. ಮೆತ್ತಗಿನದಕ್ಕೆ ಬಡಿಯಿತು. ತಿರುಗಿದವಳೇ ಕೈಗೆ ಸಿಕ್ಕ ಜುಟ್ಟು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದಳು. ಬಿಳಿಯ ದಿಂಬಿನ ಚೀಲದ ಮೇಲೆ ರಕ್ತ ಚಿಮ್ಮಿದ ಮೇಲಷ್ಟೇ ಆ ಕೂದಲು ಮದುಮಗಳದೆಂದು ಅವಳಿಗೆ ಗೊತ್ತಾದದ್ದು.

ತುಟಿ ಸೀಳಿತ್ತು. ಮುಂದಿನ ಹಲ್ಲು ಅರ್ಧ ಮುರಿದಿತ್ತು. ಭಾವ ಕೆಂಡವಾದ. “ಮದುವೆ ಮುಗಿಯೋವರೆಗೆ ಇವಳನ್ನ ಹೋಟೆಲಲ್ಲಿ ಇಡೋಣ. ಮನೆಯಲ್ಲಿ ಹುಡುಗರು ಮಕ್ಕಳು ಓಡಾಡ್ತಾರೆ.”

ಮದುಮಗಳು ಬಾಯಲ್ಲಿ ಹತ್ತಿ ತುರುಕಿಕೊಂಡೇ ತೊದಲಿದಳು. “ಚಿಕ್ಕಮ್ಮ ಹೋದ್ರೆ ನಾನೂ ಹೋಟೆಲ್ಲೇ. ಹಲ್ಲು ಕಟ್ಟಿಸಿದ್ರೆ ಆಯ್ತಪ್ಪ.”

ಮಾರನೆಯ ದಿನದಿಂದ ಅವಳೇ ಚಿಕ್ಕಮ್ಮನ ಬೆನ್ನುಬಿದ್ದಳು. ಮಧ್ಯಾಹ್ನವಾದರೆ ಹಿತ್ತಲಿನ ಒರಗುಕುರ್ಚಿಯಲ್ಲಿ ಮಲಗಿಸಿ, ಎದುರಿಗೆ ತಾನು ಕೂತು, “ಕಣ್ಣು ಮುಚ್ಚು. ಏನು ಕೇಳ್ಸತ್ತೋ ಅದರ ಹೆಸರು ಹೇಳು. ಹೇಳಿ ಬಿಟ್ಟುಬಿಡು,” ಎನ್ನುವಳು.

“ಪಕ್ಕದ ಮನೆ ನಲ್ಲಿ. ಬೀದೀಲಿ ಸೈಕಲ್ಲು. ನಿಮ್ಮಮ್ಮನ ಮಿಕ್ಸಿ.” ಮೊದಮೊದಲು ಜೈಲಮ್ಮ ಕಳ್ಳನಂತೆ ಒಂದು ಕಣ್ಣು ತೆರೆದಿಡುತ್ತಿದ್ದಳು. ಆಮೇಲಾಮೇಲೆ ಎರಡೂ ಮುಚ್ಚಿದವು. ಬಿಗಿದ ದವಡೆ ಸಡಿಲವಾಗತೊಡಗಿತು.

ಅಂಥ ಒಂದು ಮಧ್ಯಾಹ್ನ ಒಳಗೆ ಯಾರೋ ಹಾಡು ಹಾಕಿ, ಇದ್ದಕ್ಕಿದ್ದಂತೆ ಜೋರು ಮಾಡಿದರು. ಹಾಡಿನಡಿಯಲ್ಲಿ ಇನ್ನೊಂದು ಸದ್ದಿತ್ತು. ಧಪ್. ತಡೆದು, ಮತ್ತೆ ಧಪ್. ಕೂಗಿಲ್ಲ. ಗಾಯ ಕಾಣಬಾರದೆಂದು ಬಟ್ಟೆ ಸುತ್ತಿದ ಮುಷ್ಟಿಯಿಂದ ಮೈಗೆ ಗುದ್ದುವ ಸದ್ದು ಜೈಲಿನಲ್ಲಿದ್ದವರಿಗೆ ಗೊತ್ತಾಗದೆ ಇರದು.

“ಅದೇನು?”

ಮದುಮಗಳು ನೆಲ ನೋಡಿದಳು. “ಚಿಕ್ಕಪ್ಪ. ಅದನ್ನೂ ಬಿಟ್ಟುಬಿಡು ಚಿಕ್ಕಮ್ಮ. ನಾವೆಲ್ಲ ಬಿಟ್ಟಿದೀವಿ.”

ಜೈಲಮ್ಮ ಎದ್ದಳು. ಮೆಟ್ಟಿಲ ಬಳಿ ಅಕ್ಕ ಅಡ್ಡ ನಿಂತಳು. “ಗಂಡ ಹೆಂಡತಿ ವಿಷಯ ಕಣೇ. ಮದುವೆ ಮನೇಲಿ ರಾದ್ಧಾಂತ ಬೇಡ.” ಅಕ್ಕನನ್ನು ಗೋಡೆಗೆ ಸರಿಸಿ ಮೇಲೆ ಹೋದಳು.

ಹೊಲಿಗೆಯವಳು ಮಂಚಕ್ಕೂ ಗೋಡೆಗೂ ನಡುವೆ ಮುದುಡಿ, ತಾನೇ ಬಾಯಿಗೆ ದುಪಟ್ಟಾ ತುರುಕಿಕೊಂಡಿದ್ದಳು. ಗ್ಯಾರೇಜಿನವನು ಕೈಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದ. ಬಾಗಿಲು ತೆರೆದಾಗ ನಕ್ಕ. “ಕೆಳಗೆ ಹೋಗಿ ಆರಾಮಾಗಿರಿ ಜೈಲಮ್ಮ.”

“ಅವಳನ್ನ ಬಿಡು.”

ಅವನು ಇಸ್ತ್ರಿಪೆಟ್ಟಿಗೆ ಎತ್ತಿ ಎಸೆದ. ಅದು ಅವಳ ಭುಜಕ್ಕೆ ಬಡಿದು ಕೈ ಜೋಮು ಹಿಡಿಯಿತು. ಮರುಕ್ಷಣ ಅವನ ಎರಡೂ ಕೈಗಳು ಅವಳ ಕತ್ತಿನಲ್ಲಿದ್ದವು. ಕಬ್ಬಿಣ ಬಗ್ಗಿಸುವ ಕೈಗಳು. ಬಚ್ಚಲಿನ ಅದೇ ಭಯ ಮರಳಿತು, ಕಣ್ಣು ಕತ್ತಲಿಟ್ಟಿತು. ಅವಳು ಅವನ ಹೆಬ್ಬೆರಳು ಹಿಡಿದು ಹಿಂದಕ್ಕೆ ತಿರುಚಿದಳು. ಲಟಕ್ಕೆಂದಿತು. ಅವನು ಬೊಬ್ಬಿಡುತ್ತ ಬಗ್ಗಿದ. ಮೊಣಕಾಲಿನಿಂದ ಮೂಗಿಗೆ ಕೊಟ್ಟಳು, ಬಿದ್ದವನ ಮೇಲೆ ಕೂತು ಬಾರಿಸಿದಳು. ಅವನು ಕೈ ಎತ್ತುವುದನ್ನು ನಿಲ್ಲಿಸಿದರೂ ಬಾರಿಸಿದಳು. ಅವನ ಹಲ್ಲು ತಗುಲಿ ಅವಳ ಬೆರಳ ಗೆಣ್ಣು ಹರಿಯಿತು. ಹಿಂದಿನಿಂದ ಯಾರೋ ತೋಳು ಹಿಡಿದರು. ಈ ಸಲ ಮೊಣಕೈ ಹಿಂದಕ್ಕೆ ಹೋಗಲಿಲ್ಲ.

“ಸಾಕು,” ಎಂದಳು ಹೊಲಿಗೆಯವಳು. “ಸಾಯ್ತಾನೆ. ಸಾಕು.”

ಮನೆಯವರೆಲ್ಲ ಬಾಗಿಲಲ್ಲಿ ಸೇರಿದ್ದರು. ಗ್ಯಾರೇಜಿನವನು ರಕ್ತ ಉಗುಳಿ, “ಹುಚ್ಚಿ ಇವಳು. ಮೊದಲು ಮಗೂನ ಹೊಡೆದಳು, ಈಗ ನನ್ನ,” ಎಂದ. ಭಾವ ಹೌದೆಂದು ತಲೆಯಾಡಿಸಿದ. ಅಕ್ಕನೂ ಕಣ್ಣು ತಪ್ಪಿಸಿದಳು. ಜೈಲಮ್ಮ ಅವನ ಮೇಲಿಂದೆದ್ದು ಪಕ್ಕಕ್ಕೆ ಸರಿದಳು. ಹೊಡೆದದ್ದಂತೂ ಹೌದು.

ಆಗ ಹೊಲಿಗೆಯವಳು ಎಲ್ಲರಿಗೂ ಬೆನ್ನು ತಿರುಗಿಸಿ ನಿಂತು, ಅಂಗಿಯನ್ನು ಭುಜದವರೆಗೆ ಎತ್ತಿದಳು. ಕಪ್ಪು, ಹಸಿರು, ಹಳದಿ. ಹಳೆಯ ಪೆಟ್ಟಿನ ಮೇಲೆ ಹೊಸ ಪೆಟ್ಟು. ಕೆಳಗೆ ಹಾಡು ಇನ್ನೂ ಅರಚುತ್ತಿತ್ತು. ಭಾವ ಒಂದೊಂದೇ ಮೆಟ್ಟಿಲಿಳಿದು ಹೋಗಿ ಅದನ್ನು ನಿಲ್ಲಿಸಿದ.

ಪೊಲೀಸರಿಗೆ ಫೋನು ಮಾಡಿದವಳು ಮದುಮಗಳು. ಆ ದೇಶದಲ್ಲಿ ಅವರು ಬೇಗ ಬಂದರು. ಗ್ಯಾರೇಜಿನವನನ್ನು ಕರೆದೊಯ್ದರು. ಜೈಲಮ್ಮನನ್ನೂ ಕೂರಿಸಿಕೊಂಡು ಕೇಳಿದ್ದನ್ನೇ ಕೇಳಿದರು, ಕತ್ತಿನ ಗುರುತು ನೋಡಿ ಬಿಟ್ಟರು. ಭಾವ ಅವಳ ಜೊತೆ ಮಾತು ಬಿಟ್ಟ. ಮದುವೆಗೆ ತಮ್ಮನಿರುವುದಿಲ್ಲವೆಂಬುದು ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಅಂದು ರಾತ್ರಿ ಹೊಲಿಗೆಯವಳು ತನ್ನ ಚಾಪೆ ದಿಂಬು ಹೊತ್ತು ಜೈಲಮ್ಮನ ಕೋಣೆಗೆ ಬಂದಳು. “ನಿಮಗೇನೋ ಥ್ಯಾಂಕ್ಸ್ ಹೇಳ್ಬೇಕು ಅನ್ಸಲ್ಲ,” ಎಂದಳು. “ನೀವು ವಾಪಸ್ ಹೋಗ್ತೀರ. ಇಲ್ಲಿ ಇರಬೇಕಾದವಳು ನಾನು. ಅವನು ಹೊರಗೆ ಬಂದ್ರೆ ಏನ್ಮಾಡ್ಲಿ?”

“ನಂಗೂ ಗೊತ್ತಿಲ್ಲ,” ಎಂದಳು ಜೈಲಮ್ಮ. “ನಂಗೂ ತುಂಬ ಭಯ ಆಗತ್ತೆ. ಯಾರಿಗೂ ಹೇಳಿರಲಿಲ್ಲ.”

ಹೊಲಿಗೆಯವಳು ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹರಿದ ಗೆಣ್ಣಿಗೆ ಬಟ್ಟೆ ಸುತ್ತಿದಳು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಮನೆ ತುಂಬ ನೆಂಟರು ಗದ್ದಲವೆಬ್ಬಿಸಿದ್ದಾಗ ಅಕ್ಕ ಇವರನ್ನು ಊಟಕ್ಕೆ ಕರೆಯಲು ಬಂದಳು. ಹೊಲಿಗೆಯವಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಪಕ್ಕದಲ್ಲಿ, ಬರಿ ನೆಲದ ಮೇಲೆ, ತಂಗಿ ಕೈಕಾಲು ಚೆಲ್ಲಿಕೊಂಡು ಬಿದ್ದಿದ್ದಳು. ಅಕ್ಕ ಹೆಸರು ಹಿಡಿದು ಕರೆದಳು. ಇಬ್ಬರಿಗೂ ಎಚ್ಚರವಾಗಲಿಲ್ಲ.