ಪೀಠಕ್ಕೆ ಬಾಗಿದ ತಲೆ

ಸ್ಟಾಕ್‌ಹೋಮಿನ ಕನ್ನಡ ಸಂಘದ ಯುಗಾದಿ ಊಟದ ಮಧ್ಯೆ ಕಾರ್ಯದರ್ಶಿ ಸುಧೀರ್ ಮೈಕ್ ಹಿಡಿದು, "ನಮ್ಮ ವರ್ಷಾ ಜಡ್ಜ್ ಆಗಿದ್ದಾರೆ! ಜೋರಾಗಿ ಚಪ್ಪಾಳೆ!" ಎಂದಾಗ ಮಾಲತಿಯ ಬಾಯಲ್ಲಿದ್ದ ಹೋಳಿಗೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಬೆಂಗಳೂರಿನ ಹೈಕೋರ್ಟಿನಲ್ಲಿ ಹನ್ನೆರಡು ವರ್ಷ ಕರಿಕೋಟು ತೊಟ್ಟವಳು ಮಾಲತಿ. ಗಂಡನ ಕೆಲಸಕ್ಕಾಗಿ ಸ್ಟಾಕ್‌ಹೋಮಿಗೆ ಬಂದ ಮೇಲೆ ಇಲ್ಲಿನವರು ದಾಗಿಸ್ ಎನ್ನುವ ಶಿಶುವಿಹಾರದಲ್ಲಿ ಮೂರು ವರ್ಷದವರ ಆಟಿಕೆ ವ್ಯಾಜ್ಯ ತೀರ್ಮಾನಿಸುತ್ತಿದ್ದಳು. ವರ್ಷಾ ಸಾಫ್ಟ್‌ವೇರ್ ಟೆಸ್ಟರ್. ಕಾನೂನಿನ ಒಂದು ಪುಟ ತಿರುವಿದವಳಲ್ಲ.

"ಜಡ್ಜ್ ಅಲ್ಲ ರೀ, ನೆಮ್ಡೆಮನ್, ಕಾನೂನು ಓದದ ಸಾಮಾನ್ಯ ಜನರ ಪ್ರತಿನಿಧಿ," ಎಂದು ಮಾಲತಿ, ಪಕ್ಕದಲ್ಲಿ 'ಜಡ್ಜಂತೆ!' ಎಂದು ಚಪ್ಪಾಳೆ ತಟ್ಟುತ್ತಿದ್ದ ಹಿರಿಯ ರಾಜಶೇಖರರನ್ನು ತಿದ್ದಿದಳು. "ರಾಜಕೀಯ ಪಾರ್ಟಿಯವ್ರು ಹೆಸರು ಕೊಡ್ತಾರೆ, ರೀಜನ್ ಸಭೆ, ಅಂದ್ರೆ ನಮ್ಮ ಜಿಲ್ಲಾ ಪಂಚಾಯ್ತಿ ಥರದ್ದು, ಎಲೆಕ್ಟ್ ಮಾಡತ್ತೆ. ಅಪೀಲು ಕೋರ್ಟಲ್ಲಿ ಕಾನೂನು ಓದಿದ ಮೂರು ಜನರ ಜೊತೆ ಇಂಥ ಇಬ್ರು ಕೂತ್ಕೋತಾರೆ. ಸುಪ್ರೀಂ ಕೋರ್ಟಿಗೆ ಇವ್ರನ್ನ ಸೇರಿಸಲ್ಲ, ಗೊತ್ತಾ?"

"ತೀರ್ಪಿಗೆ ಓಟು ಹಾಕ್ತಾರಾ?"

"ಹಾಕ್ತಾರೆ."

"ಹಾಗಾದ್ರೆ ಜಡ್ಜೇ ಅಲ್ವೇನಮ್ಮಾ!"

ಮಾಲತಿಗೆ ಮೈಯೆಲ್ಲ ಉರಿಯಿತು. ಆ ಕುರ್ಚಿ ತನ್ನದಾಗಬೇಕಿತ್ತು. ಆದರೆ ಅದಕ್ಕೆ ಸ್ವೀಡನ್ ಪೌರತ್ವ ಬೇಕು. ಅದನ್ನು ಪಡೆದರೆ ಭಾರತದ ಪೌರತ್ವ ಹೋಗುತ್ತದೆ, ಅದರ ಜೊತೆ ವಕೀಲಿಕೆಯ ಸನ್ನದೂ. ಇಂದಲ್ಲ ನಾಳೆ ಮತ್ತೆ ಕೋಟು ತೊಡುತ್ತೇನೆಂದು ಒಂಬತ್ತು ವರ್ಷದಿಂದ ಆ ಸನ್ನದನ್ನು ಕಾಯುತ್ತಿದ್ದಳು.

ತಪ್ಪು ಹಿಡಿಯಲೆಂದೇ ರಜೆ ಹಾಕಿ, ವರ್ಷಾ ಪೀಠದಲ್ಲಿ ಕೂರುವ ಒಂದು ವಿಚಾರಣೆ ನೋಡಲು ಹೋದಳು. ವರ್ಷಾ ತೂಕಡಿಸಲಿ, ಕನಿಷ್ಠ ಆಕಳಿಸಲಿ ಎಂದು ಹಾರೈಸುತ್ತ ಬಾಗಿಲು ದಾಟಿದಳು. ಐವರೂ ಆಗಲೇ ಮೇಲೆ ಕೂತಿದ್ದರು. ಕಣ್ಣು ಪೀಠದ ಮೇಲೆ ಬಿದ್ದದ್ದೇ ತಡ, ಹನ್ನೆರಡು ವರ್ಷದ ಅಭ್ಯಾಸ ಅವಳನ್ನು ಕೇಳಲೇ ಇಲ್ಲ; ಸೊಂಟ ಬಗ್ಗಿತು, ತಲೆ ಬಾಗಿತು. ಇಲ್ಲಿ ಕೋರ್ಟಿಗೆ ಯಾರೂ ಹಾಗೆ ಬಗ್ಗುವುದಿಲ್ಲ. ಕೋಣೆಯಲ್ಲಿದ್ದವರೆಲ್ಲ ಅವಳನ್ನೇ ನೋಡಿದರು. ತಲೆ ಎತ್ತಿದರೆ ನೇರ ಎದುರಿಗೆ ವರ್ಷಾ.

ವಿರಾಮದಲ್ಲಿ ವರ್ಷಾ ಹುಡುಕಿಕೊಂಡು ಬಂದಳು. ಮಾಲತಿಯೇ ಮೊದಲು ಬಾಯಿ ತೆರೆದಳು. "ನಾನು ಬಗ್ಗಿದ್ದು ಪೀಠಕ್ಕೆ ಕಣೆ, ನಿನಗಲ್ಲ."

"ಗೊತ್ತು ಕಣೆ. ಯಾರು ಅಂತ ಜೊತೆಗಿದ್ದ ಜಡ್ಜುಗಳು ಕೇಳಿದ್ರು, ನಮ್ಮೂರಿನ ಲಾಯರ್ ಅಂದೆ." ವರ್ಷಾ ದನಿ ತಗ್ಗಿಸಿದಳು. "ಪಾರ್ಟಿಯವ್ರು ಕೇಳ್ದಾಗ ನಾನು ಮೊದ್ಲು ಕೊಟ್ಟಿದ್ದು ನಿನ್ನ ಹೆಸರೇ. ಸಿಟಿಜನ್ ಅಲ್ಲ, ಆಗಲ್ಲ ಅಂದ್ರು. ಆಮೇಲೆ ನನ್ನನ್ನ ಹಾಕಿದ್ರು."

ಮಾಲತಿಗೆ ಅತ್ತೇಬಿಡಬೇಕೆನಿಸಿತು. ಕುರ್ಚಿ ತಪ್ಪಿಸಿದ್ದು ಬೀರುವಿನಲ್ಲಿ ತಾನೇ ಜೋಪಾನವಾಗಿಟ್ಟ ಸನ್ನದು. ವಿರಾಮ ಮುಗಿದು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು, ಈ ಸಲ ಬೇಕೆಂದೇ, ವರ್ಷಾಳ ಕಡೆಗೇ ಮತ್ತೊಮ್ಮೆ ತಲೆ ಬಾಗಿಸಿದಳು. ಹೊಟ್ಟೆ ಮಾತ್ರ ಮೊದಲಿನಷ್ಟೇ ಉರಿಯುತ್ತಿತ್ತು.