ಬಿಟ್ರು ಎಂಬ ಮಾತು

ಗ್ರೀಸಿನ ನಮ್ಮೂರು ನಾವುಸಾದಲ್ಲಿ ಗಂಡಸು ಗಿರಣಿಯಿಂದ ಮನೆಗೆ ಬಂದರೆ ಹೆಂಗಸು ಕೇಳುವುದು ಒಂದೇ ಮಾತು: "ಬಿಟ್ರಾ?" ಪಾಳಿ ಮುಗಿದರೂ ಬಿಟ್ರು, ಮಕ್ಕಳ ಸ್ಕೂಲು ಮುಗಿದರೂ ಬಿಟ್ರು, ಹಬ್ಬಕ್ಕೆ ರಜೆ ಕೊಟ್ಟರೂ ಬಿಟ್ರು. ಕೆಲಸದಿಂದ ಕಿತ್ತುಹಾಕಿದರೂ ಅದೇ ಬಿಟ್ರು. ನಾವು ಗ್ರೀಕರು ಮಾತಿನ ಮಲ್ಲರಂತೆ. ಇದಕ್ಕೆ ಮಾತ್ರ ಬೇರೆ ಮಾತು ಸಿಗಲಿಲ್ಲ, ಹಾಳಾಗಿ ಹೋಗಲಿ.

ಆ ದಿನ ನಾನು ಪಾಲಕ್ ತುಂಬಿ ಬೇಯಿಸುವ ಪಿಟಾಗೆ ಹಿಟ್ಟು ಲಟ್ಟಿಸುತ್ತಿದ್ದೆ. ಜರ್ಮನಿಯಿಂದ ಅಕ್ಕ ಎವ್ದೋಕಿಯಾ ಫೋನು ಮಾಡುವವಳಿದ್ದಳು. ಸ್ಟುಟ್‌ಗಾರ್ಟಿನಲ್ಲಿ ಅವಳ ಗಂಡನದೊಂದು ಹೋಟೆಲು. ಅಲ್ಲಿ ಅಡುಗೆಮನೆಯ ಕೆಲಸವೊಂದನ್ನು ನನ್ನ ಗಂಡ ಸ್ತೆರ್ಯೋಸನಿಗೆಂದು ಹಿಡಿದಿಟ್ಟಿದ್ದಳು. ಬೇಕೋ ಬೇಡವೋ ಅವತ್ತೇ ಹೇಳಬೇಕಿತ್ತು. ನಮ್ಮೂರ ಗಿರಣಿಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿ, ಉಳಿದದ್ದು ಇವನು ದುಡಿಯುತ್ತಿದ್ದ ನೂಲಿನ ಗಿರಣಿ ಒಂದೇ. "ಅದು ನಡೆಯೋತನಕ ನಾನು ಊರು ಬಿಡಲ್ಲ. ನಿಂತ್ರೆ ಹೊರಡೋಣ" ಎಂದಿದ್ದ. ಹೊಟ್ಟೆಗೆ ಬೇರೆ ದಾರಿ ಇರಲಿಲ್ಲ. ಒಂದೋ ಆ ಗಿರಣಿ, ಇಲ್ಲವೋ ಅಕ್ಕನ ಅಡುಗೆಮನೆ.

ಇನ್ನೂ ಮಧ್ಯಾಹ್ನವೂ ಆಗಿರಲಿಲ್ಲ, ಸ್ತೆರ್ಯೋಸ್ ಬಾಗಿಲಲ್ಲಿ ನಿಂತಿದ್ದ.

"ಬಿಟ್ರಾ?" ಎಂದೆ.

"ಬಿಟ್ರು."

ಮರುದಿನ ಅಕ್ಟೋಬರ್ ಇಪ್ಪತ್ತೆಂಟರ ರಾಷ್ಟ್ರೀಯ ಹಬ್ಬ, ಮೆರವಣಿಗೆ. ಬೇಗ ಬಿಟ್ಟಿದ್ದಾರೆ ಅಂದುಕೊಂಡೆ. ಬೇರೆ ಏನಂದುಕೊಳ್ಳಬೇಕಿತ್ತು?

"ಅಂತೂ ನಿನ್ನ ಗಿರಣಿ ಯಜಮಾನನಿಗೆ ಒಳ್ಳೆ ಬುದ್ಧಿ ಬಂತಲ್ಲ. ಹೋಗು, ಕೈ ತೊಳ್ಕೊಂಡು ಬಾ."

ಅವನು ಏನೋ ಹೇಳಲು ಹೊರಟ. ಕಿಟಕಿಯ ಪಕ್ಕ ಕಾಫಿ ಹೀರುತ್ತಿದ್ದ ನನ್ನಪ್ಪ ಬಿಡಬೇಕಲ್ಲ. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಹಳೆಯ ಗ್ರೀಕು ಕಲಿಸಿದವನು. ಕಿವಿಗೆ ಒಂದು ಪದ ಬಿದ್ದರೆ ಅದರ ಜಾತಕ ಬಿಚ್ಚದೆ ಸುಮ್ಮನಿರುವವನಲ್ಲ.

"ಕೇಳಿಲ್ಲಿ ಅಳಿಯ, ಬಿಡುವು ಅಂದ್ರೆ ಸಣ್ಣದಲ್ಲ. ಹಿಂದಿನೋರು ಸ್ಖೋಲಿ ಅಂತಿದ್ರು. ದುಡಿಮೆಯಿಂದ ಬಿಡುವಾದೋನು ತಾನೇ ಕೂತು ಯೋಚ್ನೆ ಮಾಡೋದು, ಕಲಿಯೋದು? ಅದಕ್ಕೇ ಕಲಿಯೋ ಜಾಗಕ್ಕೂ ಅದೇ ಹೆಸರು, ಸ್ಕೂಲು. ಅವರಿಗೆ ಬಿಡುವೇ ಮೊದಲು. ಕೆಲಸಾನ 'ಬಿಡುವಿಲ್ಲದ್ದು' ಅಂತ ಕರೀತಿದ್ರು, ಅಷ್ಟೇ."

"ಅವರು ಯೋಚ್ನೆ ಮಾಡ್ತಾ ಕೂತಾಗ ಪಿಟಾ ಲಟ್ಟಿಸ್ತಿದ್ದೋರು ಯಾರಂತೆ ಅಪ್ಪ?" ಎಂದೆ.

ಅಪ್ಪ ನಕ್ಕ. ಸ್ತೆರ್ಯೋಸ್ ನಗಲಿಲ್ಲ, ಬಚ್ಚಲಿಗೆ ಹೋದ. ಆಗಲೇ ಫೋನು ಬಂತು.

"ಬೇಡ ಅಕ್ಕ," ಎಂದೆ, ಬಿಂಕದಿಂದಲೇ. "ಇವನ ಗಿರಣಿ ಚೆನ್ನಾಗೇ ನಡೀತಿದೆ. ಹಬ್ಬ ಅಂತ ಇವತ್ತು ಬೇಗ ಬೇರೆ ಬಿಟ್ಟಿದ್ದಾರೆ."

"ನೋಡ್ಕೊಂಡು ಹೇಳು ಮಗ್ದಾ. ಇನ್ನೊಬ್ಬ ಇಲ್ಲೇ ಕಾಯ್ತಾ ಕೂತಿದಾನೆ."

"ಅವನಿಗೇ ಕೊಡು."

"ಆಯ್ತು ಬಿಡು" ಎಂದು ಅಕ್ಕ ಫೋನಿಟ್ಟಳು.

ಸ್ತೆರ್ಯೋಸ್ ಒದ್ದೆ ಕೈಯಲ್ಲೇ ಹೊರಬಂದ. "ಯಾರು?"

"ಅಕ್ಕ. ಬೇಡ ಅಂದ್ಬಿಟ್ಟೆ."

ಅವನು ಕುರ್ಚಿಯ ಮೇಲೆ ಕುಸಿದ. "ಹಬ್ಬಕ್ಕೆ ಬಿಟ್ಟಿದ್ದಲ್ಲ ಮಗ್ದಾ. ನಮ್ಮನ್ನೇ ಬಿಟ್ರು. ಎಲ್ಲರನ್ನೂ. ಗಿರಣಿಗೆ ಬೀಗ ಬಿತ್ತು."

"ಬಾಯಲ್ಲಿ ಏನಿಟ್ಕೊಂಡಿದ್ದೆ? ಬಂದ ತಕ್ಷಣ ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ನಲ್ಲ. ಬಿಟ್ರು ಅಂದೆ."

ಹಿಟ್ಟಿನ ಕೈಯಲ್ಲೇ ಫೋನು ಒತ್ತಿದೆ. ಬೇಡಿಕೊಂಡೆ. ಅಕ್ಕನ ಮುಂದೆ ಹಾಗೆ ನಾನು ಯಾವತ್ತೂ ಬೇಡಿದವಳಲ್ಲ.

"ಅವನು ಆಗ್ಲೇ ಏಪ್ರನ್ ಕಟ್ಕೊಂಡು ಪಾತ್ರೆಗೆ ಕೈ ಹಾಕಿದಾನೆ," ಎಂದಳು ಎವ್ದೋಕಿಯಾ. "ಅವನೂ ನಮ್ಮ ಕಡೆಯೋನೇ ಕಣೇ, ಮಕ್ಕಳೊಂದಿಗ. ಯಾವ ಬಾಯಲ್ಲಿ ಹೋಗು ಅನ್ಲಿ?"

"ಬೇರೆ ಯಾವುದಾದ್ರೂ ಇದ್ರೆ..."

"ದಿನಾ ನಮ್ಮೋರೇ ಬಂದು ಬಾಗಿಲು ತಟ್ತಾರೆ ಮಗ್ದಾ. ಎಲ್ಲಿಂದ ತರ್ಲಿ?"

ಫೋನಿಟ್ಟ ಮೇಲೆ ದೇವರಾಣೆಗೂ ಸತ್ತುಹೋಗಬೇಕು ಅನಿಸಿತು. ಅಪ್ಪ ಮತ್ತೆ ಏನೋ ಹೇಳಲು ಬಾಯಿ ತೆರೆದ. "ಬಾಯಿ ಮುಚ್ಚು" ಎಂದೆ. ಹುಟ್ಟಿದಾಗಿನಿಂದ ಅಪ್ಪನಿಗೆ ಅಂಥ ಮಾತು ಆಡಿರಲಿಲ್ಲ. ಅವನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದ.

ಲಟ್ಟಿಸಿದ ಹಿಟ್ಟು ಹಾಗೇ ಒಣಗುತ್ತಿತ್ತು. ಸ್ತೆರ್ಯೋಸ್ ಅದರ ಮೇಲೊಂದು ಒದ್ದೆ ಬಟ್ಟೆ ಹೊದಿಸಿದ.

"ನಾಳೆ ಹೇಗೂ ಹಬ್ಬ," ಎಂದ. "ನಾಳಿದ್ದು ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ, ಮಗ್ದಾ?"