ಅಂಗಾಲು

ಮಗಳು ನಾಲ್ಕನೆಯ ಸಲ ಹೊದಿಕೆ ಎಳೆದು ಅಮ್ಮನ ಪಾದ ಮುಚ್ಚಿದಳು. ಬಂದವರು ಯಾರಾದರೂ ಮಂಚಕ್ಕೆ ತಾಗಿದರೆ ಸಾಕು, ಹೊದಿಕೆ ಜಾರಿ ಪಾದ ಮತ್ತೆ ಹೊರಗೆ ಬರುತ್ತಿತ್ತು.

"ಬಿಡೇ, ಕಾಲು ಕಂಡ್ರೆ ಏನಾಯ್ತು?" ಎಂದಳು ಚಿಕ್ಕಮ್ಮ. "ನಾಲ್ಕಕ್ಕೆ ಸ್ಮಶಾನಕ್ಕೆ ಒಯ್ಯೋ ಗಾಡಿ ಬರುತ್ತಂತೆ. ನಿನ್ನೆಯಿಂದ ಒಂದು ತೊಟ್ಟು ನೀರು ಮುಟ್ಟಿಲ್ಲ ನೀನು."

ಅಮ್ಮನ ಬಲ ಅಂಗಾಲಿನ ಮೇಲೆ ಉಗುರಿನ ಗೀರುಗಳಿದ್ದವು. ಅವು ಯಾರ ಕಣ್ಣಿಗೂ ಬೀಳಬಾರದಿತ್ತು.

ಮೆಟ್ಟಿಲ ತನಕ ಜನ. ಅರ್ಧಕ್ಕರ್ಧ ಮಂದಿಯನ್ನು ಮನೆಯವರು ಕಂಡೇ ಇರಲಿಲ್ಲ. ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದ ಅಮ್ಮ ಇವರಿಗೆಲ್ಲ ಉಪ್ಪಿನ ಸಿಸ್ಟರ್.

"ಒಂದು ಕಿಲೋ ಉಪ್ಪಿನ ಪ್ಯಾಕೆಟ್ಟನ್ನ ಟವಲಲ್ಲಿ ಸುತ್ತಿ, ಮಗು ಎತ್ಕೊಳ್ಳೋದು ಕಲೀರಿ ಅಂತ ಕೈಗೆ ಕೊಟ್ರು," ಎನ್ನುತ್ತಿದ್ದ ಆನೆಯಂಥ ಲಾರಿ ಡ್ರೈವರೊಬ್ಬ, ಕಣ್ಣೊರೆಸಿಕೊಳ್ಳುತ್ತಾ. "'ಲಾರಿ ಓಡಿಸೋ ಕೈ, ಇದಕ್ಕೆ ನಡುಗುತ್ತಲ್ರೀ' ಅಂದ್ರು. ಮೂರು ದಿನ ಉಪ್ಪನ್ನೇ ಎದೆಗವಚಿಕೊಂಡು ಕೂತಿದ್ದೆ. ನಾಲ್ಕನೇ ದಿನ ಮಗಳನ್ನ ಕೊಟ್ರು. ಉಪ್ಪಿಗಿಂತ ಹಗುರ ಇದ್ಲು."

"ನಮ್ಮನೆಯೋರು ಬೀಳಿಸೇಬಿಟ್ರು," ಎಂದಳು ಇನ್ನೊಬ್ಬಳು. "'ಬೀಳಿಸ್ಲಿ ಅಂತಾನೇ ಉಪ್ಪು ತಂದಿರೋದು' ಅಂದ್ರು ಸಿಸ್ಟರ್."

ಮೂಲೆಯಲ್ಲಿ ನಗು ಎದ್ದಿತು. ಮಗಳಿಗೆ ಮೈಯೆಲ್ಲ ಉರಿಯಿತು. ಅಮ್ಮ ಊರ ಮಂದಿಗೆಲ್ಲ ಕಲಿಸಿದಳು. ದೀಪದ ಬುಡದಲ್ಲಿ ಮಾತ್ರ ಕತ್ತಲು. ಈ ಮನೆಗೆ ಉಪ್ಪು ಬಂದದ್ದು ಬರೀ ಅಡುಗೆಗೆ.

*

ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಹೊರಟಿದ್ದ ಅಮ್ಮ, ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದವಳು, "ಯಾಕೋ ಎದೆ ಹಿಡ್ಕೊಂಡಂಗಾಗ್ತಿದೆ ಕಣೇ" ಎಂದು ಅಲ್ಲೇ ಕುಸಿದಳು. ಬಾಯಿ ಒಂದೆರಡು ಸಲ ತೆರೆದು ಮುಚ್ಚಿತು. ಆಮೇಲೆ ಉಸಿರಿಲ್ಲ.

ಮಗಳಿಗೆ ಗೊತ್ತಿದ್ದದ್ದು ಒಂದೇ ಒಂದು. ಹತ್ತು ವರ್ಷದವಳಿದ್ದಾಗ ವಾರ್ಡಿನ ಗಾಜಿನಾಚೆ ನಿಂತು ನೋಡಿದ್ದಳು: ಅಂಗೈಯಷ್ಟು ಕೂಸು ನೀಲಿಗಟ್ಟುತ್ತಿತ್ತು, ಹೆತ್ತವಳು ಚೀರುತ್ತಿದ್ದಳು, ಅಮ್ಮ ಅವಸರವಿಲ್ಲದೆ ಅದರ ಅಂಗಾಲಿಗೆ ಬೆರಳಿನಿಂದ ಚಿಮ್ಮಿದ್ದಳು. ಕೂಸು ಕಿರ್ರೆಂದಿತ್ತು. "ದಿನ ತುಂಬದವು, ಉಸಿರಾಡೋದನ್ನೇ ಮರೀತವೆ," ಎಂದಿದ್ದಳು ಮನೆಗೆ ಬರುವಾಗ. "ನಾವು ನೆನಪು ಮಾಡ್ಬೇಕು, ಅಷ್ಟೇ."

ಮಗಳು ಅಮ್ಮನ ಅಂಗಾಲಿಗೆ ಚಿಮ್ಮಿದಳು. ಕಾದಳು. ಮತ್ತೆ ಚಿಮ್ಮಿದಳು. "ಅಮ್ಮಾ, ಉಸಿರಾಡಮ್ಮಾ, ನೆನಪು ಮಾಡ್ಕೊಳಮ್ಮಾ." ಫೋನು ಕೈಗೆಟಕುವಷ್ಟು ದೂರದಲ್ಲೇ ಇತ್ತು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಕಳೆದಿತ್ತು, ಪಕ್ಕದ ಮನೆಯವರು ಬಂದು ಅವಳನ್ನು ಎಳೆಯುವ ಹೊತ್ತಿಗೆ.

"ಬಿದ್ದು ಎಷ್ಟು ಹೊತ್ತಾಯ್ತು? ಯಾರಾದ್ರೂ ಎದೆ ಒತ್ತಿದ್ರಾ?" ಎಂದು ಆಂಬುಲೆನ್ಸಿನವನು ಕೇಳಿದ.

"ಈಗಷ್ಟೇ ಬಿದ್ರು," ಎಂದಿದ್ದಳು ಮಗಳು.

*

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಸಣಕಲು ಬಾಣಂತಿಯೊಬ್ಬಳು ಜನರನ್ನು ಸರಿಸಿಕೊಂಡು ಬಂದಳು. ಮುಂಗೈಯಲ್ಲಿ ಆಸ್ಪತ್ರೆಯ ಪಟ್ಟಿ ಇನ್ನೂ ಇತ್ತು. ಮಂಚದತ್ತ ನೋಡಲಿಲ್ಲ, ನೇರ ಮಗಳ ಕೈ ಹಿಡಿದಳು.

"ಅಕ್ಕಾ, ನಾಳೆ ನನ್ನ ಮಗೂನ ಮನೆಗೆ ಕಳಿಸ್ತಾರೆ. ಸಿಸ್ಟರ್ ಎಲ್ಲಾ ಕಲಿಸಿದ್ರು. ಉಸಿರು ನಿಂತ್ರೆ ಏನು ಮಾಡೋದು ಅನ್ನೋದೊಂದು ಉಳಿದಿತ್ತು. ಮೊನ್ನೆ, 'ನಾಳೆ ಹೇಳ್ಕೊಡ್ತೀನಿ' ಅಂದಿದ್ರು."

"ವಾರ್ಡಲ್ಲಿ ಬೇರೆಯವರನ್ನ ಕೇಳಿ."

"ಕೇಳ್ದೆ. ಒಂದು ಹಾಳೆ ಕೊಟ್ರು. ನಂಗೆ ಓದಕ್ಕೆ ಬರಲ್ಲ ಅನ್ನಕ್ಕೆ ಬಾಯೇ ಬರಲಿಲ್ಲ. ಮೊದಲನೇದು ಮನೆಗೆ ಬಂದ ಒಂಬತ್ತನೇ ದಿನ ಹೋಯ್ತು. ತೊಡೆ ಮೇಲೇ ಇತ್ತು ಅಕ್ಕಾ. ನಿದ್ದೆ ಅಂದ್ಕೊಂಡಿದ್ದೆ. ನೀವು ಸಿಸ್ಟರ್ ಮಗಳಲ್ವಾ, ನಿಮಗೆ ಗೊತ್ತಿರತ್ತಲ್ಲ?"

ಮಗಳಿಗೆ ಎದ್ದು ಓಡಿಹೋಗಬೇಕೆನಿಸಿತು. ಹೊರಗೆ ಗಾಡಿ ನಿಂತ ಸದ್ದಾಯಿತು. ಹೊರುವವರು ನಾಲ್ವರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಒಂದ್ನಿಮಿಷ," ಎಂದು ಮಗಳು ಅವರನ್ನು ತಡೆದಳು. ಬೆಳಿಗ್ಗೆಯಿಂದ ಕಾದುಕೊಂಡಿದ್ದ ಹೊದಿಕೆಯನ್ನು ತಾನೇ ಮೇಲೆ ಸರಿಸಿದಳು.

"ಏನೇ ಮಾಡ್ತಿದ್ದೀಯ?" ಎಂದಳು ಚಿಕ್ಕಮ್ಮ.

"ಬನ್ನಿ ಇಲ್ಲಿ," ಎಂದಳು ಮಗಳು ಬಾಣಂತಿಗೆ. "ಒಂದು ಕೈಲಿ ಹಿಮ್ಮಡಿ ಹಿಡ್ಕೊಳ್ಳಿ. ಇನ್ನೊಂದು ಕೈಲಿ ಹೀಗೆ ಬೆರಳಿಂದ ಚಿಮ್ಮಿ. ಮೆತ್ತಗೆ, ಉಗುರು ತಾಗಬಾರದು, ಇಲ್ನೋಡಿ, ಹೀಗೆ ಗೀರಾಗುತ್ತೆ. ಎರಡು ಸಲ ಚಿಮ್ಮಿ ಎದೆ ನೋಡಿ. ಎದೆ ಏಳದಿದ್ರೆ ಕಾಯ್ಬೇಡಿ. ಕೂಗಿ, ಫೋನ್ ಮಾಡಿ, ಯಾರನ್ನಾದ್ರೂ ಕರೀರಿ. ನಾನು ಹತ್ತು ನಿಮಿಷ ಕಾದೆ."

ಚಿಕ್ಕಮ್ಮನ ಕೈ ಬಾಯಿಗೆ ಹೋಯಿತು. ಲಾರಿ ಡ್ರೈವರ್ ತಲೆ ತಗ್ಗಿಸಿದ.

ಬಾಣಂತಿ ತನ್ನ ಎರಡೂ ಅಂಗೈಗಳನ್ನು ತಿಕ್ಕಿ ಬೆಚ್ಚಗೆ ಮಾಡಿಕೊಂಡಳು. ಕೂಸನ್ನು ಮುಟ್ಟುವ ಮುಂಚೆ ಹಾಗೆ ಮಾಡಬೇಕೆಂದು ಸಿಸ್ಟರ್ ಕಲಿಸಿದ್ದರು. ತಣ್ಣಗಿದ್ದ ಹಿಮ್ಮಡಿಯನ್ನು ಹಿಡಿದು ಒಂದು ಸಲ ಚಿಮ್ಮಿದಳು. ಇನ್ನೊಂದು ಸಲ ಚಿಮ್ಮಿದಳು. ಆಮೇಲೆ ಹೇಳಿಕೊಟ್ಟ ಹಾಗೆ ತಲೆ ಎತ್ತಿ ಎದೆ ನೋಡಿದಳು. ಮಗಳೂ ನೋಡಿದಳು. ಬಾಗಿಲಲ್ಲಿ ನಿಂತ ನಾಲ್ವರು ಹೊರುವವರೂ ನೋಡುತ್ತಾ ನಿಂತರು.